ಹಾಸನದಿಂದ ಮಕ್ಕಳ ಜೊತೆ ಅರ್ಧ ದಿನ: ಯಾವ ಜಾಗ, ಯಾವ ವಯಸ್ಸಿಗೆ, ಎಷ್ಟು ಖರ್ಚಿಗೆ

ಹಾಸನದಲ್ಲಿ ಮಕ್ಕಳಿರುವ ಮನೆಗಳಿಗೆ ಸುತ್ತಾಡಲು ಜಾಗದ ಬರ ಇಲ್ಲ. ಹಳೇಬೀಡು, ಬೇಲೂರು, ಗೊರೂರು, ಶ್ರವಣಬೆಳಗೊಳ, ಸಕಲೇಶಪುರ, ಯಾವುದಕ್ಕೆ ಹೊರಟರೂ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಎಡವಟ್ಟು ಆಗುವುದೂ ಇದರಿಂದಲೇ. ಎಲ್ಲಾ ಹತ್ತಿರ ಇದೆಯಲ್ಲ ಅಂತ ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಗೆ ಶೆಟ್ಟಿಹಳ್ಳಿ ಅಂತ ಪಟ್ಟಿ ಹಾಕುತ್ತೇವೆ. ಎರಡನೇ ಜಾಗ ಮುಗಿಯುವಷ್ಟರಲ್ಲಿ ಚಿಕ್ಕವನು ಎತ್ತಿಕೋ ಅಂತ ರಚ್ಚೆ ಹಿಡಿದಿರುತ್ತಾನೆ. ದೊಡ್ಡವಳು ಮುಖ ಊದಿಸಿಕೊಂಡಿರುತ್ತಾಳೆ. ಬೆಂಗಳೂರಿನಿಂದ ಬರುವವರು ಹಾಗೆ ಓಡಲಿ ಬಿಡಿ, ಅವರು ಮತ್ತೆ ಯಾವಾಗ ಬರುತ್ತಾರೋ. ನಾವು ಇಲ್ಲೇ ಇರುವವರು. ಬೇಲೂರು ಮುಂದಿನ ತಿಂಗಳೂ ಅಲ್ಲೇ ಇರುತ್ತದೆ.

ಅದಕ್ಕೇ ಇಲ್ಲಿ ಜಾಗಗಳನ್ನು ಹೋಲಿಸುವಾಗ ಒಂದೇ ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಒಂದು ಸಲಕ್ಕೆ ಒಂದೇ ಜಾಗ, ಮನೆಯಿಂದ ಹೊರಟು ಮನೆ ಸೇರುವವರೆಗೆ ಅರ್ಧ ದಿನ. ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್. ಇಲ್ಲವೇ ಊಟ ಮುಗಿಸಿ ಹೊರಟು ಕತ್ತಲಾಗುವ ಮುಂಚೆ ವಾಪಸ್. ಖರ್ಚು ಉಳಿಯುವುದೂ ಇದರಲ್ಲೇ. ನಮ್ಮ ಸುತ್ತಮುತ್ತಲಿನ ಬಹುತೇಕ ಜಾಗಗಳಿಗೆ ಟಿಕೆಟ್ಟೇ ಇಲ್ಲ. ದುಡ್ಡು ಹೋಗುವುದು ಹೋಟೆಲ್ ಊಟಕ್ಕೆ, ಎರಡನೇ ಸುತ್ತಿನ ಜ್ಯೂಸು-ಚಿಪ್ಸಿಗೆ, ಸುಸ್ತಾದ ಮಗುವನ್ನು ಸುಮ್ಮನಾಗಿಸಲು ಕೊಡಿಸುವ ಆಟದ ಸಾಮಾನಿಗೆ. ಇವೆಲ್ಲ ಶುರುವಾಗುವುದು ಮೂರ್ನಾಲ್ಕು ಗಂಟೆ ದಾಟಿದ ಮೇಲೆ.

ಬಸ್ಸೋ, ಸ್ವಂತ ಗಾಡಿಯೋ

ಮೊದಲು ಇದನ್ನು ತೀರ್ಮಾನ ಮಾಡಿ, ಆಮೇಲೆ ಜಾಗ ಆರಿಸಿ. ಉಲ್ಟಾ ಮಾಡಿದರೆ ಬಸ್ಸೇ ಇಲ್ಲದ ಊರಿನ ಆಸೆ ಹುಟ್ಟಿಸಿ ಕೊನೆಗೆ ಬಾಡಿಗೆ ಕಾರು ಹಿಡಿಯಬೇಕಾಗುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನ ಲೆಕ್ಕವೇ ಬದಲಾಗಿದೆ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಅಮ್ಮ, ಅಜ್ಜಿ, ಮಗಳು ಎಲ್ಲರಿಗೂ ಜೀರೋ ಟಿಕೆಟ್. ರಾಜಹಂಸ, ಎಸಿ ಬಸ್ಸುಗಳಿಗೆ ಇದು ನಡೆಯುವುದಿಲ್ಲ. ಆಧಾರ್ ಕೈಯಲ್ಲಿರಲಿ. 6 ವರ್ಷದೊಳಗಿನ ಮಕ್ಕಳಿಗೆ ಹೇಗೂ ಟಿಕೆಟ್ ಇಲ್ಲ, ಅಲ್ಲಿಂದ 12ರವರೆಗೆ ಅರ್ಧ ಟಿಕೆಟ್. ಅಂದರೆ ಅಪ್ಪ, ಅಮ್ಮ, ಮಗಳು, ಚಿಕ್ಕ ಮಗ ಇರುವ ಮನೆಯಲ್ಲಿ ದುಡ್ಡು ಕೊಡುವವರು ಅಪ್ಪ ಒಬ್ಬರೇ. ಇದಕ್ಕಿಂತ ಅಗ್ಗದ ಪ್ರಯಾಣ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಕಾರಾದರೆ ಹಳೇಬೀಡಿಗೆ ಹೋಗಿ ಬರಲು 60 ಕಿಲೋಮೀಟರ್ ಮೇಲಾಗುತ್ತದೆ. ಲೀಟರಿಗೆ 15 ಕೊಡುವ ಗಾಡಿಗೆ 4 ಲೀಟರ್ ಪೆಟ್ರೋಲ್ ಬೇಕು. ಸ್ಕೂಟರಿಗೆ ಒಂದೂವರೆ ಲೀಟರ್ ಸಾಕು, ಆದರೆ ಅದರ ಮೇಲೆ ನಾಲ್ಕು ಜನ ಹತ್ತುವ ಹಾಗಿಲ್ಲ. 4 ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಹೆಲ್ಮೆಟ್, ಸೇಫ್ಟಿ ಬೆಲ್ಟ್ ಎರಡೂ ಬೇಕು, ಗಂಟೆಗೆ 40 ಕಿಲೋಮೀಟರ್ ಮೀರುವಂತಿಲ್ಲ ಅಂತ ಕೇಂದ್ರದ ನಿಯಮವೇ ಇದೆ. ಬೇಲೂರು ರಸ್ತೆಯಲ್ಲಿ ಬರುವ ಲಾರಿಗಳನ್ನು ನೋಡಿದವರಿಗೆ ಆ ನಿಯಮ ಯಾಕೆ ಅಂತ ಹೇಳಬೇಕಿಲ್ಲ.

ಬಸ್ಸಿನಲ್ಲಿ ಹೋಗುವುದಾದರೆ ಬೇಲೂರು, ಹಳೇಬೀಡು, ಸಕಲೇಶಪುರ, ಗೊರೂರು ಸುಲಭ. ಶೆಟ್ಟಿಹಳ್ಳಿ, ದೊಡ್ಡಗದ್ದವಳ್ಳಿಗೆ ಸ್ವಂತ ಗಾಡಿ ಇದ್ದರೇ ಒಳ್ಳೆಯದು. ಶ್ರವಣಬೆಳಗೊಳಕ್ಕೆ ಸಾಮಾನ್ಯವಾಗಿ ಚನ್ನರಾಯಪಟ್ಟಣದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಮಕ್ಕಳ ಜೊತೆ ಬಸ್ಸು ಬದಲಿಸುವುದು ಅಂದರೆ ಅರ್ಧ ಗಂಟೆ, ಜೊತೆಗೆ ಒಂದು ಪೊಟ್ಟಣ ಕಡಲೆಕಾಯಿ ಅಂತ ಲೆಕ್ಕ ಹಾಕಿಕೊಳ್ಳಿ.

ಹಳೇಬೀಡೋ, ಬೇಲೂರೋ

ಎಲ್ಲರೂ ಕೇಳುವ ಪ್ರಶ್ನೆ ಇದೇ. ಎರಡೂ ಹೊಯ್ಸಳರದ್ದು, ಎರಡೂ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು, ಒಂದರಿಂದ ಇನ್ನೊಂದಕ್ಕೆ 16 ಕಿಲೋಮೀಟರ್. ದೊಡ್ಡವರು ಕೇಳಿದರೆ ಬೇಲೂರು ಅನ್ನುತ್ತೇನೆ. 10 ವರ್ಷದೊಳಗಿನ ಮಕ್ಕಳಿದ್ದರೆ ಕಣ್ಣು ಮುಚ್ಚಿಕೊಂಡು ಹಳೇಬೀಡು.

ಕಾರಣ ಸರಳ. ಹಳೇಬೀಡಿನ ಕೆತ್ತನೆ ಮಕ್ಕಳ ಎತ್ತರಕ್ಕೇ ಇದೆ. ಜಗಲಿ ಹತ್ತಿ ಗೋಡೆಯ ಪಕ್ಕ ನಡೆದರೆ ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಆಮೇಲೆ ರಾಮಾಯಣ-ಮಹಾಭಾರತದ ಕಥೆ, ಮಕರಗಳು, ತುದಿಗೆ ಹಂಸಗಳು. ಆನೆಗಳೇ ಸಾವಿರಕ್ಕೂ ಹೆಚ್ಚಿವೆ. ಮಗುವಿಗೆ ಒಂದೇ ಕೆಲಸ ಕೊಡಿ: ಒಂದೇ ಥರ ಇರುವ ಎರಡು ಆನೆ ಹುಡುಕು. ಒಂದರ ಸೊಂಡಿಲು ಮೇಲೆದ್ದಿದೆ, ಪಕ್ಕದ್ದರದ್ದು ಒಳಗೆ ಸುರುಳಿಯಾಗಿದೆ. ಒಂದು ಮುಂದೆ ನೋಡುತ್ತಿದೆ, ಇನ್ನೊಂದು ಕತ್ತು ತಿರುಗಿಸಿದೆ. ಸಿಕ್ಕಿತು ಅಂತ ಕೂಗಿ, ಹತ್ತಿರ ಹೋಗಿ ನೋಡಿ, ಇಲ್ಲ ಕಾಲು ಬೇರೆ ಥರ ಇದೆ ಅಂತ ಮುಂದೆ ಓಡುತ್ತಾರೆ. ಗೋಡೆ ನಕ್ಷತ್ರದ ಥರ ಮೂಲೆ ಮೂಲೆಯಾಗಿ ತಿರುಗುತ್ತದೆ, ಆದ್ದರಿಂದ ಓಟ ಮುಗಿಯುವುದೇ ಇಲ್ಲ. ಕೆತ್ತನೆಯನ್ನು ಮುಟ್ಟಬಾರದು ಅಂತ ಮೊದಲೇ ಹೇಳಿಬಿಡಿ. ಬೆರಳು ತೋರಿಸುವುದಕ್ಕೂ ತಾಗಿಸುವುದಕ್ಕೂ ಒಂದು ಇಂಚಿನ ವ್ಯತ್ಯಾಸ, ಮಕ್ಕಳಿಗೆ ಅದು ಗೊತ್ತಾಗಬೇಕು.

ಸ್ವಲ್ಪ ದೊಡ್ಡ ಮಕ್ಕಳಿಗೆ ಮಕರ ಒಳ್ಳೆಯ ಒಗಟು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ ಅಂತ ಗೈಡುಗಳು ಹೇಳುತ್ತಾರೆ. ಯಾವ ಭಾಗ ಯಾವ ಪ್ರಾಣಿಯದ್ದು ಅಂತ ಮಕ್ಕಳನ್ನೇ ಕೇಳಿ, ಗೈಡಿನ ಪಟ್ಟಿಗಿಂತ ಉದ್ದದ ಪಟ್ಟಿ ಬರುತ್ತದೆ. ಕೈಲಾಸವನ್ನು ಎತ್ತುತ್ತಿರುವ ರಾವಣನ ಹತ್ತಿರ ಎಲ್ಲರೂ ನಿಲ್ಲುತ್ತಾರೆ. ಆಮೇಲೆ ಎರಡು ದೊಡ್ಡ ನಂದಿಗಳಿವೆ, ಎರಡರಲ್ಲಿ ಯಾವುದು ಚೆಂದ ಅಂತ ಒಂದು ಜಗಳ ಗ್ಯಾರಂಟಿ.

ಇಷ್ಟು ಮುಗಿದ ಮೇಲೂ ಹಳೇಬೀಡಿನಲ್ಲಿ ಉಸಿರಾಡಲು ಜಾಗ ಇದೆ. ಹುಲ್ಲುಹಾಸು, ಮರದ ನೆರಳು, ಹಿಂದೆ ದೋರಸಮುದ್ರದ ಕೆರೆ. ಬೇಲೂರಿನಲ್ಲಿ ಇರುವಷ್ಟು ಪೂಜೆ-ಸರದಿಯ ಓಡಾಟ ಇಲ್ಲಿಲ್ಲ, ಆದ್ದರಿಂದ ಮಕ್ಕಳು ಜೋರಾಗಿ ಮಾತಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ದೇವಸ್ಥಾನಕ್ಕೆ ಟಿಕೆಟ್ ಇಲ್ಲ. ಆವರಣದ ಮ್ಯೂಸಿಯಂಗೆ ದೊಡ್ಡವರಿಗೆ 5 ರೂಪಾಯಿ, 15 ವರ್ಷದೊಳಗಿನವರಿಗೆ ಏನೂ ಇಲ್ಲ. ಶುಕ್ರವಾರ ಮ್ಯೂಸಿಯಂಗೆ ರಜೆ. ಇನ್ನೂ ಶಕ್ತಿ ಉಳಿದಿದ್ದರೆ ಹತ್ತಿರದಲ್ಲೇ ಬಸದಿಹಳ್ಳಿಯ ಜೈನ ಬಸದಿಗಳಿವೆ. ಅಲ್ಲಿಯ ಪಾರ್ಶ್ವನಾಥ ಬಸದಿಯ ಕಂಬಗಳು ಎಷ್ಟು ನುಣುಪು ಅಂದರೆ ಮಕ್ಕಳು ತಮ್ಮ ಮುಖ ಅಗಲವಾಗಿ, ಉದ್ದವಾಗಿ ಕಾಣುವುದನ್ನು ನೋಡಿ ನಗುತ್ತಾರೆ. ಹಳೇಬೀಡಿನಲ್ಲಿ ನನಗೆ ತುಂಬ ಇಷ್ಟದ ಜಾಗ ಅದು. ಜನ ಕಡಿಮೆ.

ಬೇಲೂರಿನ ಕಥೆ ಬೇರೆ. ಅಲ್ಲೂ ಬುಡದಲ್ಲಿ ಆನೆ ಸಾಲು ಇದೆ. ಆದರೆ ಹೆಸರುವಾಸಿ ಮದನಿಕೆಯರು ಇರುವುದು ಮೇಲೆ, ಸೂರಿನ ಕೆಳಗೆ. 5 ವರ್ಷದ ಮಗು ಕತ್ತು ಎತ್ತಿ ಎಷ್ಟು ಹೊತ್ತು ನೋಡೀತು? ಅದೇ 9-10 ವರ್ಷ ದಾಟಿದವರಿಗೆ ಬೇಲೂರು ಚಿನ್ನದ ಗಣಿ. ಒಬ್ಬ ಮದನಿಕೆಯ ತಲೆಯ ಮೇಲಿನ ಚಪ್ಪರದಂಥ ಕೆತ್ತನೆಯಲ್ಲಿ ಹಲಸಿನ ಹಣ್ಣಿದೆ, ಅದರ ಮೇಲೆ ಒಂದು ನೊಣ, ನೊಣಕ್ಕೆ ಹೊಂಚು ಹಾಕಿರುವ ಹಲ್ಲಿ. ಕಣ್ಣಿಟ್ಟು ಹುಡುಕಿದರೆ ಮಾತ್ರ ಕಾಣುತ್ತದೆ. ಮೊಬೈಲಿನಲ್ಲಿ ಜೂಮ್ ಮಾಡಿ ಹುಡುಕಲು ಬಿಡಿ, ಮೊಬೈಲ್ ಒಳ್ಳೆಯ ಕೆಲಸಕ್ಕೆ ಬರುವ ಅಪರೂಪದ ಗಳಿಗೆ ಅದು. ಕನ್ನಡಿ ಹಿಡಿದ ದರ್ಪಣ ಸುಂದರಿಯನ್ನು, ಸೀರೆ ಎಳೆಯುವ ಕೋತಿಯನ್ನು ಅವರೇ ಕಂಡುಹಿಡಿಯುತ್ತಾರೆ. ಅಂಗಳದ 42 ಅಡಿಯ ದೀಪಸ್ತಂಭ ಯಾವ ಆಸರೆಯೂ ಇಲ್ಲದೆ ತನ್ನ ಭಾರಕ್ಕೇ ನಿಂತಿದೆ, ಬುಡದ ಒಂದು ಮೂಲೆಯಲ್ಲಿ ಸಂದು ಇದೆ. ಬೀಳಲ್ವಾ ಅಂತ ಕೇಳದ ಮಗುವೇ ಇಲ್ಲ.

ಬಸ್ಸಿನಲ್ಲಿ ಹೋಗುವಾಗ ಜಕಣಾಚಾರಿ, ಅವನ ಮಗ ಡಂಕಣ, ವಿಗ್ರಹದ ಹೊಟ್ಟೆಯೊಳಗಿನ ಕಪ್ಪೆಯ ಕಥೆ ಹೇಳಿ. ಇತಿಹಾಸ ಅಲ್ಲ, ಐತಿಹ್ಯ. ಆದರೂ ಅಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಂಡ ಕೂಡಲೇ ಕಥೆ ಕೇಳಿದ ಮಗು ಕೈ ಜಗ್ಗುತ್ತದೆ.

ಬೇಲೂರಿಗೆ ಇನ್ನೊಂದು ಅನುಕೂಲ ಇದೆ. ಬಸ್ಸುಗಳು ಜಾಸ್ತಿ, ಪೇಟೆಯೂ ದೊಡ್ಡದು. ಮಗುವಿಗೆ ಹೊಟ್ಟೆ ಕೆಟ್ಟರೆ ಔಷಧಿ ಅಂಗಡಿ ಹತ್ತಿರದಲ್ಲೇ ಸಿಗುತ್ತದೆ. ಅನಾನುಕೂಲ ಅಂದರೆ ಗುಡಿಯಿಂದ ಹೊರಗೆ ಬಂದ ಕೂಡಲೇ ಅಂಗಡಿ ಸಾಲು. ಗುಳ್ಳೆ ಊದುವ ಡಬ್ಬಿ, ಪ್ಲಾಸ್ಟಿಕ್ ಕತ್ತಿ, ಕೂಲಿಂಗ್ ಗ್ಲಾಸು. ಒಳಗೆ ಹೋಗುವ ಮುಂಚೆಯೇ ಒಬ್ಬೊಬ್ಬರಿಗೂ ಇಷ್ಟು ಅಂತ ದುಡ್ಡು ಕೈಗೆ ಕೊಟ್ಟುಬಿಡಿ. ಅವರ ದುಡ್ಡು ಅಂದ ಕೂಡಲೇ ಮಕ್ಕಳು ಚೌಕಾಸಿಗೆ ಇಳಿಯುತ್ತಾರೆ, ನೋಡಲು ಮಜಾ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುವ ಹೊತ್ತು ಇರುವುದರಿಂದ ಬೇಲೂರಿಗೆ ಬೆಳಿಗ್ಗೆಯೇ ಸರಿ. ಯಗಚಿ ಹಿನ್ನೀರಿನ ಬೋಟಿಂಗನ್ನು ಇದಕ್ಕೆ ಸೇರಿಸಬೇಡಿ. ಅದು ಬೇರೆ ದಿನದ ಖರ್ಚು.

ಎರಡೂ ಕಡೆ ಚಪ್ಪಲಿ ಬಿಡಬೇಕು, ಎರಡೂ ಕಡೆ ಕಲ್ಲು ಕಾಯುತ್ತದೆ. ಫೆಬ್ರವರಿ ಕಳೆದ ಮೇಲೆ 11 ಗಂಟೆ ಬಿಸಿಲಿಗೆ ಮಕ್ಕಳ ಪಾದ ತಡೆಯುವುದಿಲ್ಲ. ಹಳೆಯ ದಪ್ಪ ಸಾಕ್ಸು ಇಟ್ಟುಕೊಳ್ಳಿ. ಬುತ್ತಿಯನ್ನು ಸ್ಮಾರಕದ ಆವರಣದಲ್ಲಿ ಬಿಚ್ಚಬೇಡಿ, ಹೊರಗೆ ಬಂದು ತಿನ್ನಿ.

ಯಾರೂ ಹೋಗದ ಮೂರು ಊರು

ಸ್ವಂತ ಗಾಡಿ ಇದ್ದು, ಎರಡು-ಎರಡೂವರೆ ಗಂಟೆಯಷ್ಟೇ ಬಿಡುವಿದ್ದರೆ ದೊಡ್ಡ ಹೆಸರುಗಳನ್ನು ಬಿಟ್ಟುಬಿಡಿ. ಹಾಸನದ ಸುತ್ತ ಸಣ್ಣ ಗುಡಿಗಳಿವೆ, ಭಾನುವಾರವೂ ಖಾಲಿ ಖಾಲಿ.

ಮೊಸಳೆ ಹೊಳೆನರಸೀಪುರ ರಸ್ತೆಯ ಕಡೆ, ಊರಿಂದ ಸುಮಾರು 12 ಕಿಲೋಮೀಟರ್. ಇಲ್ಲಿ ನಾಗೇಶ್ವರ, ಚೆನ್ನಕೇಶವ ಅಂತ ಎರಡು ಗುಡಿ ಅಕ್ಕಪಕ್ಕ ನಿಂತಿವೆ, ನೋಡಲು ಅವಳಿ ಮಕ್ಕಳು. ಪೇಪರಿನಲ್ಲಿ ಬರುತ್ತದಲ್ಲ, ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹುಡುಕುವ ಆಟ, ಅದನ್ನು ಇಲ್ಲಿ ಕಲ್ಲಿನಲ್ಲೇ ಆಡಬಹುದು. ಒಂದು ಕಡೆ ಶಿವ, ಒಂದು ಕಡೆ ವಿಷ್ಣು, ಗೋಡೆಯ ಮೇಲಿನ ಮೂರ್ತಿಗಳು ಯಾವುವು, ಎಲ್ಲಿ ಹೋಲುತ್ತವೆ, ಎಲ್ಲಿ ಇಲ್ಲ. ಹಳೇಬೀಡಿಗೆ ಹೋಲಿಸಿದರೆ ಊರು ಸಣ್ಣದು, ಗುಡಿ ಸಣ್ಣದು, ಮಗು ಕಳೆದುಹೋಗುವ ಭಯವೇ ಇಲ್ಲ.

ದೊಡ್ಡಗದ್ದವಳ್ಳಿ ಬೇಲೂರು ರಸ್ತೆಯಿಂದ ಒಳಗಿದೆ. ಲಕ್ಷ್ಮೀದೇವಿ ಗುಡಿ 1113-14ರದ್ದು, ಅಂದರೆ 1117ರ ಬೇಲೂರಿಗಿಂತ ಹಳೆಯದು. ಕಟ್ಟಿಸಿದ್ದು ರಾಜನೇನಲ್ಲ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿ, ಪಕ್ಕದಲ್ಲಿ ಕೆರೆ, ತೆಂಗಿನ ಮರಗಳು. ಮಕ್ಕಳಿಗೆ ಮಾತ್ರ ಇದು ಯಾವುದೂ ಬೇಡ. ಅವರಿಗೆ ಬೇಕಾದ್ದು ಕಾಳಿ ಗುಡಿಯ ಬಾಗಿಲಲ್ಲಿ ನಿಂತಿರುವ ಬೇತಾಳಗಳು. ಎಲುಬು ಎಣಿಸುವಂತಿರುವ ಮೈ, ಕಿಸಿದ ಬಾಯಿ. ಒಳಗೆ ಮಬ್ಬು ಬೇರೆ. 7-8 ವರ್ಷದವರು ಹೆದರುತ್ತಲೇ ಮತ್ತೆ ಮತ್ತೆ ಹೋಗಿ ಇಣುಕುತ್ತಾರೆ. ತೀರಾ ಸಣ್ಣವರನ್ನು, ರಾತ್ರಿ ಕನಸಿಗೆ ಹೆದರುವವರನ್ನು ಹೊರಗಿನ ನೆರಳಲ್ಲೇ ಆಡಿಸಿ.

ಕೋರವಂಗಲ ಅರಸೀಕೆರೆ ರಸ್ತೆಯಲ್ಲಿದೆ, 10 ಕಿಲೋಮೀಟರ್. ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಖುಷಿಗೆ 1173ರಲ್ಲಿ ಬೂಚಿರಾಜ ಕಟ್ಟಿಸಿದ ಬೂಚೇಶ್ವರ ಗುಡಿ. ಶಿವನ ಎದುರಿಗೆ ಸೂರ್ಯನ ಗುಡಿ ಇರುವುದು ಇಲ್ಲಿಯ ವಿಶೇಷ. ಮೂರರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಮೊಸಳೆ ಅನ್ನುತ್ತೇನೆ, ಮಗ ದೊಡ್ಡಗದ್ದವಳ್ಳಿ ಅನ್ನುತ್ತಾನೆ.

ಈ ಊರುಗಳಲ್ಲಿ ಹೋಟೆಲ್, ಶೌಚಾಲಯ ಅಂತ ನಂಬಿಕೊಂಡು ಹೋಗಬೇಡಿ. ಮನೆಯಲ್ಲೇ ಮುಗಿಸಿ ಹೊರಡಿ, ನೀರು ಒಯ್ಯಿರಿ. ಗುಡಿಯ ಬಾಗಿಲು ಹಾಕಿದ್ದರೆ ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸಿ, ಕೀಲಿ ಯಾರ ಹತ್ತಿರ ಇದೆ ಅಂತ ಊರಿನವರಿಗೆ ಗೊತ್ತಿರುತ್ತದೆ. ಖರ್ಚು ಪೆಟ್ರೋಲಿನದು ಮಾತ್ರ. ದಾರಿಯಲ್ಲಿ ಎಳನೀರು ಕುಡಿದರೆ ಅದೂ.

ನೀರು ನೋಡಬೇಕು ಅಂದರೆ: ಗೊರೂರು ಅಥವಾ ಶೆಟ್ಟಿಹಳ್ಳಿ

ಎರಡೂ ಒಂದೇ ಹೇಮಾವತಿ. ಆದರೆ ಒಂದಕ್ಕೆ ಮಳೆಗಾಲದಲ್ಲಿ ಹೋಗಬೇಕು, ಇನ್ನೊಂದಕ್ಕೆ ಚಿಕ್ಕ ಮಕ್ಕಳಿದ್ದರೆ ಮಳೆಗಾಲದಲ್ಲಿ ಹೋಗಲೇಬಾರದು.

ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದದ್ದು, ಹಾಸನದಿಂದ ಸುಮಾರು 24 ಕಿಲೋಮೀಟರ್. ಭರ್ತಿ ಮಟ್ಟ 2922 ಅಡಿ, ಹಿಡಿಯುವುದು 37 ಟಿಎಂಸಿ ಚಿಲ್ಲರೆ. ಈ ಅಂಕಿಗಳನ್ನು ಮಕ್ಕಳಿಗೆ ಹೇಳಿಕೊಟ್ಟರೆ ಜೂನ್‌ನಿಂದ ಒಂದು ಆಟವೇ ಸಿಗುತ್ತದೆ. ಪೇಪರಿನಲ್ಲಿ ಜಲಾಶಯಗಳ ಮಟ್ಟ ಬರುತ್ತದಲ್ಲ, ಅದನ್ನು ದಿನಾ ಓದಿ ಕ್ಯಾಲೆಂಡರಿನಲ್ಲಿ ಬರೆಯಲು ಹೇಳಿ. ಇನ್ನು ಮೂರು ಅಡಿ, ಎರಡು ಅಡಿ ಅಂತ ಅವರೇ ಲೆಕ್ಕ ಇಡುತ್ತಾರೆ. ಗೇಟು ತೆಗೆದರು ಅಂತ ಸುದ್ದಿ ಬಂದ ದಿನ ಹೋಗಿ ಆ ಬಿಳಿ ನೊರೆ, ಆ ಸದ್ದು ತೋರಿಸಿ. ಹೊರಗಿನಿಂದಲೇ ನೋಡಬೇಕು, ಒಳಗೆ ಬಿಡುವುದು ಬಿಡದೇ ಇರುವುದು ಆ ದಿನದ ಬಂದೋಬಸ್ತಿಗೆ ಬಿಟ್ಟದ್ದು. ಅರ್ಧ ಗಂಟೆ ನೋಡಿದರೆ ಸಾಕು. ಗೇಟು ಮುಚ್ಚಿರುವ ದಿನ ಹೋದರೆ ಮಕ್ಕಳಿಗೆ ಅದು ದೊಡ್ಡ ಗೋಡೆ ಅಷ್ಟೇ, ಬೋರು.

ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು. ಅಣೆಕಟ್ಟು ಬಂದು ಊರು ಖಾಲಿಯಾಯಿತು, ಚರ್ಚು ಹಿನ್ನೀರಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನಡೆದು ಹತ್ತಿರ ಹೋಗಬಹುದು. ಫೋಟೋ ಮುಳುಗಿದಾಗಲೇ ಚೆಂದ, ಸರಿ. ಆದರೆ ಆಗ ಅಂಚಿನ ಮಣ್ಣು ಜಾರುತ್ತದೆ, ಎಲ್ಲಿ ಆಳ ಅಂತ ಗೊತ್ತಾಗುವುದಿಲ್ಲ, ಬೇಲಿಯೂ ಇಲ್ಲ. ಕೈ ಬಿಡಿಸಿಕೊಂಡು ಓಡುವ ವಯಸ್ಸಿನ ಮಗು ಇದ್ದರೆ ಅಲ್ಲಿ ಅಪ್ಪ ಅಮ್ಮ ಇಬ್ಬರಿಗೂ ನೆಮ್ಮದಿ ಇರುವುದಿಲ್ಲ. ಬೇಸಿಗೆಯ ಸಂಜೆ 4ರ ಮೇಲೆ ಹೋಗಿ. ಗೋಡೆಗಳು ಶಿಥಿಲವಾಗಿವೆ, ಕಮಾನಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆಯುವ ಆಸೆ ಬೇಡ. ಸ್ವಲ್ಪ ದೂರದಿಂದ ನೋಡುತ್ತಾ, ಇಲ್ಲಿ ಯಾರಿದ್ದರು, ಎಲ್ಲಿಗೆ ಹೋದರು ಅಂತ ಮಾತಾಡಿದರೆ ದೊಡ್ಡ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವುದು ಕಷ್ಟ.

ಹತ್ತುವ ಹುಚ್ಚು ಇರುವ ಮಕ್ಕಳಿಗೆ

ಶ್ರವಣಬೆಳಗೊಳದ ದೊಡ್ಡಬೆಟ್ಟಕ್ಕೆ 650ರ ಹತ್ತಿರ ಮೆಟ್ಟಿಲು. ಮಂಜರಾಬಾದ್ ಕೋಟೆಗೆ 250ರಷ್ಟು. ಮೆಟ್ಟಿಲಿನ ಲೆಕ್ಕದಲ್ಲೇ ಮುಕ್ಕಾಲು ಉತ್ತರ ಇದೆ, ಅಲ್ವಾ?

6ರಿಂದ 9 ವರ್ಷದವರಿಗೆ ಮಂಜರಾಬಾದ್. ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ 6 ಕಿಲೋಮೀಟರ್ ಮುಂದೆ, ಟಿಪ್ಪು 1792ರಲ್ಲಿ ಮುಗಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ. ಟಿಕೆಟ್ ಇಲ್ಲ. ಒಂದು ತಮಾಷೆ ಏನೆಂದರೆ ಕೋಟೆಯೊಳಗೆ ನಿಂತರೆ ನಕ್ಷತ್ರ ಕಾಣುವುದಿಲ್ಲ. ಡ್ರೋನ್ ಫೋಟೋ ನೋಡಿ ಬಂದ ಮಕ್ಕಳು ನಕ್ಷತ್ರ ಎಲ್ಲಿ ಅಂತ ಜಗಳಕ್ಕೇ ಬರುತ್ತಾರೆ. ಒಂದು ಹಾಳೆ, ಪೆನ್ಸಿಲ್ ಕೊಡಿ. ಗೋಡೆಯ ಪಕ್ಕ ಒಳಗಡೆ ನಡೆಯುತ್ತಾ ಎಲ್ಲಿ ತಿರುಗಿತೋ ಅಲ್ಲಿ ಗೆರೆ ತಿರುಗಿಸಲಿ. ಸುತ್ತು ಮುಗಿಯುವಾಗ ಹಾಳೆಯ ಮೇಲೆ ಸೊಟ್ಟ ಪಟ್ಟ ನಕ್ಷತ್ರ ಬಂದಿರುತ್ತದೆ. ನಡುವಿನ ಕೊಳ, ಮದ್ದುಗುಂಡು ಇಡುತ್ತಿದ್ದರು ಅನ್ನುವ ತಣ್ಣನೆಯ ನೆಲಮಾಳಿಗೆ ಕೂಡ ಇಷ್ಟವಾಗುತ್ತವೆ. ಗೋಡೆಯ ಮೇಲೆ ಮಾತ್ರ ಹತ್ತಿಸಬೇಡಿ, ಆಚೆ ಬದಿ ನೇರ ಇಳಿಜಾರು. ಜುಲೈ-ಆಗಸ್ಟಿನಲ್ಲಿ ಮಂಜು ಮುಸುಕಿ ಏನೂ ಕಾಣುವುದಿಲ್ಲ, ಪಾಚಿ ಜಾರುತ್ತದೆ, ಜಿಗಣೆ ಬೇರೆ. ಬಸ್ಸಿನಲ್ಲಿ ಹೋದರೆ ಸಕಲೇಶಪುರದಿಂದ ಆಟೋ ಬೇಕಾಗಬಹುದು, ವಾಪಸ್ ಬರುವುದನ್ನೂ ಸೇರಿಸಿಯೇ ರೇಟು ಮಾತಾಡಿ.

10 ದಾಟಿದವರಿಗೆ ದೊಡ್ಡಬೆಟ್ಟ. ಬರಿಗಾಲಲ್ಲಿ, ಬಂಡೆಯಲ್ಲೇ ಕಡಿದ ಮೆಟ್ಟಿಲು ಹತ್ತಿ ಹೋಗಿ 58 ಅಡಿಯ ಗೊಮ್ಮಟನ ಪಾದದ ಬಳಿ ನಿಂತಾಗ ಆಗುವ ಬೆರಗು ಬೇರೆ ಯಾವ ಜಾಗದಲ್ಲೂ ಇಲ್ಲ. ಹತ್ತುವಾಗ ಗುಳ್ಳಕಾಯಜ್ಜಿಯ ಕಥೆ ಹೇಳಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಪಾದ ಮುಟ್ಟಲಿಲ್ಲವಂತೆ, ಅಜ್ಜಿ ಗುಳ್ಳಕಾಯಿಯಲ್ಲಿ ತಂದ ಚೂರು ಹಾಲು ಮುಟ್ಟಿತಂತೆ. ಮೇಲೆ ಅಜ್ಜಿಯ ಮೂರ್ತಿಯೂ ಇದೆ. ಆದರೆ ಬೆಳಿಗ್ಗೆ ಬೇಗ ಹತ್ತಲು ಶುರು ಮಾಡಬೇಕು, ಅಂದರೆ ಹಾಸನದಿಂದ ಕತ್ತಲಲ್ಲೇ ಹೊರಡಬೇಕು. ಅರ್ಧ ದಿನದ ಪಟ್ಟಿಯಲ್ಲಿ ಇದು ಅಂಚಿನಲ್ಲಿದೆ. ಸಣ್ಣವರೂ ಜೊತೆಗಿದ್ದರೆ ಎದುರಿನ ಚಿಕ್ಕಬೆಟ್ಟಕ್ಕೆ ಹೋಗಿ, ಮೆಟ್ಟಿಲು 200ರಷ್ಟು. ಅಲ್ಲಿಂದ ಕಲ್ಯಾಣಿ, ದೊಡ್ಡಬೆಟ್ಟ ಎರಡೂ ಚೆನ್ನಾಗಿ ಕಾಣುತ್ತವೆ. ಅರ್ಧ ಹತ್ತಿ ಎತ್ತಿಕೋ ಅನ್ನುವ ಮಗುವನ್ನು ದೊಡ್ಡಬೆಟ್ಟದಲ್ಲಿ ಹೊತ್ತವರಿಗೆ ನನ್ನ ಮಾತು ಅರ್ಥವಾಗುತ್ತದೆ.

ಮುಳ್ಳಯ್ಯನಗಿರಿ ಅಂತ ಯಾರಾದರೂ ತಲೆಗೆ ಹಾಕಿದರೆ ನಯವಾಗಿ ಬೇಡ ಅನ್ನಿ. ಹಾಸನದಿಂದ ಚಿಕ್ಕಮಗಳೂರೇ 60 ಕಿಲೋಮೀಟರ್, ಆಮೇಲೆ ಘಾಟಿ, ವಾರಾಂತ್ಯದ ವಾಹನಗಳ ಸಾಲು. ಹಿಂದಿನ ಸೀಟಿನಲ್ಲಿ ಒಬ್ಬರಾದರೂ ವಾಂತಿ ಮಾಡಿಕೊಳ್ಳುತ್ತಾರೆ.

ಊರು ಬಿಡದೆ, ಮತ್ತು ರೈಲಿನಲ್ಲಿ

2-3 ವರ್ಷದ ಮಗು ಮಾತ್ರ ಇದ್ದರೆ ಇಷ್ಟೆಲ್ಲ ಯಾಕೆ? ಮಹಾರಾಜ ಪಾರ್ಕು ಸಾಕು. ಮರಗಳು, ಆಟದ ಜಾಗ, ಅಲ್ಲೇ ಜಿಲ್ಲಾ ಮ್ಯೂಸಿಯಂ. ಚುರುಮುರಿ ತಿಂದು ಒಂದೂವರೆ ಗಂಟೆಯಲ್ಲಿ ಮನೆ. ಆ ವಯಸ್ಸಿಗೆ ಹೊಯ್ಸಳರೂ ಒಂದೇ, ಜಾರುಬಂಡೆಯೂ ಒಂದೇ. ಜಾರುಬಂಡೆ ಒಂದು ಕೈ ಮೇಲೆ.

ರೈಲು ನೋಡಿಲ್ಲದ ಮಗುವಿಗೆ ಜಾಗವೇ ಬೇಡ, ರೈಲೇ ಟೂರು. ಹಾಸನದಿಂದ ಅರಸೀಕೆರೆಗೆ ಹೋಗುವ ಗಾಡಿ ಹಿಡಿಯಿರಿ. ಅಲ್ಲಿ ಇಳಿದು ಶಿವಾಲಯ ನೋಡಿ, ಬಸ್ಸಿನಲ್ಲಿ ವಾಪಸ್ ಬನ್ನಿ. ಆ ಗುಡಿಯ ಮುಂದಿನ ಮಂಟಪ ನಕ್ಷತ್ರದ ಆಕಾರದ್ದು. ಮಂಜರಾಬಾದಿನಲ್ಲಿ ಕಾಣದ ನಕ್ಷತ್ರ ಇಲ್ಲಿ ಕಣ್ಣಿಗೇ ಕಾಣುತ್ತದೆ. 5 ವರ್ಷದೊಳಗಿನವರಿಗೆ ರೈಲಿನಲ್ಲಿ ಟಿಕೆಟ್ ಬೇಡ. ಹೊರಡುವ ಮುಂಚೆ ಸಮಯ ನೋಡಿಕೊಳ್ಳಿ, ಸುಮ್ನೆ ಸ್ಟೇಷನ್ನಿಗೆ ಹೋಗಿ ಕಾಯುವುದು ಬೇಡ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿ ರೈಲು ಅದ್ಭುತ, 57 ಸುರಂಗ ಎಣಿಸಬಹುದು, ಆದರೆ ಅದಕ್ಕೆ ಇಡೀ ದಿನ ಬೇಕು.

ಚೀಲ ಮತ್ತು ಕ್ಯಾಲೆಂಡರ್

ಬುತ್ತಿಗೆ ಚಿತ್ರಾನ್ನ, ಪುಳಿಯೋಗರೆ, ಇಲ್ಲವೇ ಅಕ್ಕಿ ರೊಟ್ಟಿ ಮತ್ತು ಒಣ ಚಟ್ನಿಪುಡಿ. ಕಾಯಿ ಚಟ್ನಿ ಬಿಸಿಲಿಗೆ ಹಳಸುತ್ತದೆ. ಸೌತೆಕಾಯಿ, ಬಾಳೆಹಣ್ಣು. ಒಬ್ಬೊಬ್ಬರಿಗೆ ಒಂದು ಬಾಟಲಿ ನೀರು, ಅವರವರದ್ದು ಅವರೇ ಹೊರಬೇಕು. ಸಾಕ್ಸು, ಒಂದು ಜೊತೆ ಬಟ್ಟೆ, ಪ್ಲಾಸ್ಟಿಕ್ ಕವರು, ಕಸ ವಾಪಸ್ ತರಲು ಇನ್ನೊಂದು ಕವರು. ಹೊರಗೆ ಕೊಳ್ಳುವುದು ಒಂದೇ ತಿನಿಸು ಅಂತ ಮೊದಲೇ ಮಾತಾಗಲಿ, ಯಾವುದು ಅಂತ ಆರಿಸುವ ಹಕ್ಕು ಅವರಿಗೇ ಇರಲಿ.

ದಿನ ಆರಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಹಾಸನಾಂಬೆಯ ಬಾಗಿಲು ತೆರೆದಿರುವ ದೀಪಾವಳಿ ಆಸುಪಾಸಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ದಿನಗಳಲ್ಲಿ ಬಸ್ಸಿನ ಯೋಜನೆ ಬಿಟ್ಟು ಮೊಸಳೆಗೋ ಪಾರ್ಕಿಗೋ ಹೋಗಿ. ಇನ್ನು ಡಿಸೆಂಬರ್-ಜನವರಿ ಶಾಲಾ ಪ್ರವಾಸದ ಕಾಲ. ಹಳೇಬೀಡಿನ ಮುಂದೆ ಹಳದಿ ಬಸ್ಸುಗಳ ಸಾಲು ಕಂಡರೆ ಮೊದಲು ಕೆರೆಯ ಕಡೆ ಹೋಗಿ, ಇಲ್ಲ ಬಸದಿಹಳ್ಳಿಗೆ ಹೋಗಿ. ಪ್ರವಾಸದ ಮೇಷ್ಟ್ರುಗಳ ಗಡಿಯಾರ ಬಲು ಬಿಗಿ. ಮುಕ್ಕಾಲು ಗಂಟೆಯಲ್ಲಿ ಸೀಟಿ ಊದಿ ಎಲ್ಲರನ್ನೂ ಬಸ್ಸು ಹತ್ತಿಸುತ್ತಾರೆ.